ದುರ್ಗದ ಬಿಸಿಲಿಗೆ ಹೂವಿನ ಗಿಡ: ಕುಂಡದಲ್ಲಿ, ಕಾಂಪೌಂಡ್ ಅಂಚಿನಲ್ಲಿ

ನಾಲ್ಕು ವರ್ಷದ ಹಿಂದೆ, ಏಪ್ರಿಲ್ ಮೊದಲ ವಾರದಲ್ಲಿ, ನಮ್ಮ ತಾರಸಿಯ ಮೇಲಿನ ಹನ್ನೆರಡು ಕುಂಡದ ಗಿಡಗಳು ಒಂದೇ ವಾರದಲ್ಲಿ ಸತ್ತವು. ದಿನಕ್ಕೆ ಎರಡು ಹೊತ್ತು ನೀರು ಹಾಕಿದ್ದೆ. ಕಿತ್ತು ನೋಡಿದರೆ ಮಣ್ಣು ಹಸಿಯಾಗಿಯೇ ಇತ್ತು. ಪಶ್ಚಿಮದ ಬಿಸಿಲು ಬೀಳುವ ಕಡೆಯ ಬೇರುಗಳು ಮಾತ್ರ ಕಂದು ತಿರುಗಿ, ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಜಾರಿ ಕೈಗೆ ಬರುತ್ತಿತ್ತು. ಎಲ್ಲವೂ ಕಪ್ಪು ಪ್ಲಾಸ್ಟಿಕ್ ಕುಂಡಗಳು, ಕಾದ ಆರ್‌ಸಿಸಿ ಮೇಲೆ ನೇರವಾಗಿ ಕೂತಿದ್ದವು. ಗಿಡಗಳು ಬಾಯಾರಿ ಸತ್ತಿರಲಿಲ್ಲ, ಬೇರು ಬೆಂದು ಸತ್ತಿದ್ದವು.

ಆಮೇಲೆ ಬೇಸಿಗೆ ಗಿಡಗಳನ್ನು ನೋಡುವ ನನ್ನ ರೀತಿಯೇ ಬದಲಾಯಿತು. ಚಿತ್ರದುರ್ಗದಲ್ಲಿ ಮಾರ್ಚಿಯಿಂದ ಮೇವರೆಗೆ ಹೂವಿನ ಗಿಡ ಹಾಳಾದರೆ ನಾವು ಮೊದಲು ಹೇಳುವುದು ‘ನೀರು ಸಾಲಲಿಲ್ಲ’ ಅಂತ. ನಾನು ಕಂಡಂತೆ ಹೆಚ್ಚು ಗಿಡಗಳನ್ನು ತೆಗೆಯುವುದು ಕಾದ ಬೇರು, ಇಲ್ಲವೇ ಬೋರ್ ನೀರಿನ ಉಪ್ಪು. ಈ ಎರಡನ್ನು ಹಿಡಿತಕ್ಕೆ ತಂದುಕೊಂಡರೆ ಬಿಸಿಲು ನಮಗೆ ಶತ್ರುವಲ್ಲ. ಎಷ್ಟೋ ಹೂಗಳು ಈ ಬಿಸಿಲಿಗೇ ಕಾದು ಕೂತಿರುತ್ತವೆ.

ಯಾವ ಹೂ, ಯಾವಾಗ

ಫೆಬ್ರವರಿಯಲ್ಲಿ ನರ್ಸರಿಗೆ ಹೋದರೆ ಮುಂದಿನ ಸಾಲಿನಲ್ಲೇ ಪೆಟೂನಿಯಾ, ಡಯಾಂಥಸ್, ಪ್ಯಾನ್ಸಿ ಮೈತುಂಬ ಹೂ ಬಿಟ್ಟು ನಿಂತಿರುತ್ತವೆ. ಕೊಳ್ಳಬೇಡಿ. ಅವು ಚಳಿಗಾಲದ ಹೂಗಳು. ಯುಗಾದಿ ಕಳೆಯುವಷ್ಟರಲ್ಲಿ ಸೊರಗಿ ಮುಗಿಯುತ್ತವೆ. ಸೇವಂತಿಗೆಯನ್ನೂ ಬೇಸಿಗೆಯಲ್ಲಿ ಹೂವಿಗೆ ನಂಬಬಾರದು. ಹಗಲು ಚಿಕ್ಕದಾದಾಗ ಮೊಗ್ಗು ಕಟ್ಟುವ ಗಿಡ ಅದು. ತಾಯಿಗಿಡವನ್ನು ನೆರಳಲ್ಲಿ ಜೀವಂತ ಇಟ್ಟುಕೊಂಡರೆ ಸಾಕು, ಮಳೆಗಾಲದಲ್ಲಿ ಕುಡಿ ಮುರಿದು ನೆಡಬಹುದು.

ನಮ್ಮ ಬಿಸಿಲಿಗೆ ನಾನು ಕಣ್ಣು ಮುಚ್ಚಿ ಶಿಫಾರಸು ಮಾಡುವುದು ಇವನ್ನು: ಟೇಬಲ್ ರೋಸ್ ಅಥವಾ ಹತ್ತು ಗಂಟೆ ಹೂ, ಜೀನಿಯಾ, ಗೊಂಫ್ರೀನಾ, ನಿತ್ಯಪುಷ್ಪ, ಕೋಳಿಜುಟ್ಟು, ಹಳದಿ-ಕಿತ್ತಳೆ ಕಾಸ್ಮಾಸ್, ಚೆಂಡು ಹೂ, ಸಂಜೆ ಮಲ್ಲಿಗೆ. ಕಾಸ್ಮಾಸ್‌ನಲ್ಲಿ ಗುಲಾಬಿ-ಬಿಳಿ ಬಣ್ಣದ, ಸಬ್ಬಸಿಗೆಯಂಥ ಎಲೆಯ ಜಾತಿಯೂ ಇದೆ. ಅದು ತಂಪಿನ ಕಾಲಕ್ಕೆ. ಬೇಸಿಗೆಗೆ ಕಿತ್ತಳೆ ಬಣ್ಣದ್ದೇ ಆಗಬೇಕು. ಅರ್ಧ ನೆರಳಿದ್ದರೆ ಕನಕಾಂಬರ. ವರ್ಷಗಟ್ಟಲೆ ಇರುವ ಗಿಡ ಬೇಕೆಂದರೆ ದುಂಡುಮಲ್ಲಿಗೆ, ಕಾಗದದ ಹೂ, ದಾಸವಾಳ. ಕಣಗಿಲೆ ಬಿಸಿಲಿಗೆ ಎಲ್ಲರಿಗಿಂತ ಗಟ್ಟಿ, ಆದರೆ ಎಲೆ, ಕಾಂಡ, ಹೂ ಎಲ್ಲವೂ ವಿಷ. ಮನೆಯಲ್ಲಿ ಚಿಕ್ಕ ಮಕ್ಕಳೋ ಆಡು-ಕರುಗಳೋ ಇದ್ದರೆ ನೆಡುವುದು ಬೇಡ.

ಬೀಜ ಹಾಕುವ ಹೊತ್ತು ಶಿವರಾತ್ರಿಯ ಆಸುಪಾಸು. ಆಗ ರಾತ್ರಿ ಇನ್ನೂ ತಣ್ಣಗಿರುತ್ತದೆ, ಸಸಿ ಬಾಡುವುದಿಲ್ಲ. ಜೀನಿಯಾ, ಕಾಸ್ಮಾಸ್ ಬಿತ್ತಿದ 45ರಿಂದ 60 ದಿನಕ್ಕೆ ಹೂ ಕೊಡುತ್ತವೆ, ಅಂದರೆ ಏಪ್ರಿಲ್‌ಗೆ. ಗೊಂಫ್ರೀನಾ ಬೀಜವನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ ಹಾಕಿ. ಆದರೂ ಮೊಳೆಯಲು ಹತ್ತು ಹನ್ನೆರಡು ದಿನ ಹಿಡಿಯುತ್ತದೆ, ಬೇಸರಪಟ್ಟು ಚೆಲ್ಲಬೇಡಿ. ನಿತ್ಯಪುಷ್ಪದ ಬೀಜ ಕತ್ತಲಿದ್ದರೆ ಚೆನ್ನಾಗಿ ಮೊಳೆಯುತ್ತದೆ, ಹಾಗಾಗಿ ತೆಳುವಾಗಿ ಮಣ್ಣು ಮುಚ್ಚಿ ಮೇಲೊಂದು ಗೋಣಿಚೀಲದ ತುಂಡು ಹಾಕಬೇಕು. ಅದು ನಿಧಾನದ ಗಿಡ. ಜನವರಿಯಲ್ಲಿ ಬಿತ್ತಿರದಿದ್ದರೆ ಸಸಿಯನ್ನೇ ತನ್ನಿ. ಕೋಳಿಜುಟ್ಟಿನ ಬೀಜ ಸಾಸಿವೆಗಿಂತ ಸಣ್ಣದು. ಮರಳಿನ ಜತೆ ಬೆರೆಸಿ ಉದುರಿಸಿದರೆ ಒಂದೇ ಕಡೆ ಗುಂಪಾಗುವುದಿಲ್ಲ.

ಹತ್ತು ಗಂಟೆ ಹೂವಿಗೆ ಬೀಜವೇ ಬೇಡ. ಪಕ್ಕದ ಮನೆಯಲ್ಲಿದ್ದರೆ ಮೂರು ಬೆರಳುದ್ದದ ತುಂಡುಗಳನ್ನು ಕೇಳಿ ತನ್ನಿ. ಅರ್ಧ ದಿನ ನೆರಳಲ್ಲಿ ಬಿಟ್ಟು, ಕತ್ತರಿಸಿದ ತುದಿ ಒಣಗಿದ ಮೇಲೆ ಚುಚ್ಚಿದರೆ ವಾರ ಹತ್ತು ದಿನದಲ್ಲಿ ಬೇರು. ಏಪ್ರಿಲ್ ಮಧ್ಯದಲ್ಲಿ ಈ ಲೇಖನ ಓದುತ್ತಿದ್ದು, ಇನ್ನೂ ಏನೂ ನೆಟ್ಟಿಲ್ಲ ಎನ್ನುವವರಿಗೆ ನಾನು ಹೇಳುವ ಗಿಡ ಇದೊಂದೇ.

ಕುಂಡ

ಮಣ್ಣಿನ ಕುಂಡದ ಮೈಯಿಂದ ನೀರು ಆವಿಯಾಗುತ್ತಾ ಇರುತ್ತದೆ, ಹೂಜಿಯ ಹಾಗೆ. ಒಳಗಿನ ಬೇರು ತಂಪಾಗಿರುತ್ತದೆ, ಆದರೆ ಬೇಗ ಒಣಗುತ್ತದೆ. ಪ್ಲಾಸ್ಟಿಕ್ ಕುಂಡ, ಗ್ರೋ ಬ್ಯಾಗ್ ಹಗುರ, ಅಗ್ಗ, ಆದರೆ ಮಧ್ಯಾಹ್ನ ಮೈ ಮುಟ್ಟಲಾಗದಷ್ಟು ಕಾಯುತ್ತವೆ. ಮಣ್ಣಿನ ಶಾಖ 40 ಡಿಗ್ರಿ ದಾಟಿದರೆ ಹೆಚ್ಚಿನ ಗಿಡಗಳ ಎಳೆಬೇರು ತಾಳುವುದಿಲ್ಲ. ಕೈಯಲ್ಲಿರುವುದು ಕಪ್ಪು ಕುಂಡಗಳೇ ಆದರೆ ಅವನ್ನು ಎಸೆಯಬೇಕಿಲ್ಲ, ಹೀಗೆ ಮಾಡಿ:

1. ಹೊರಮೈಗೆ ಸುಣ್ಣ ಬಳಿಯಿರಿ. ಸುಣ್ಣಕ್ಕೆ ಸ್ವಲ್ಪ ಫೆವಿಕಾಲ್ ಕಲಸಿದರೆ ಪ್ಲಾಸ್ಟಿಕ್‌ಗೆ ಅಂಟಿಕೊಳ್ಳುತ್ತದೆ. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ತಳ್ಳುತ್ತದೆ.
2. ನೆಲದ ಮೇಲೆ ನೇರವಾಗಿ ಇಡಬೇಡಿ. ಎರಡೆರಡು ಇಟ್ಟಿಗೆ ಕೊಟ್ಟು ಎತ್ತಿ, ಕೆಳಗೆ ಗಾಳಿ ಆಡಲಿ.
3. ಒಂದೊಂದನ್ನೇ ದೂರ ದೂರ ಇಡುವ ಬದಲು ಒತ್ತೊತ್ತಾಗಿ ಸೇರಿಸಿ. ಎತ್ತರದ, ದೊಡ್ಡ ಕುಂಡಗಳು ಪಶ್ಚಿಮಕ್ಕೆ ಬರಲಿ. ಅವುಗಳ ನೆರಳು ಚಿಕ್ಕವುಗಳ ಮೇಲೆ ಬೀಳುತ್ತದೆ.
4. ತೀರಾ ಪ್ರೀತಿಯ ಗಿಡವಿದ್ದರೆ ಆ ಕುಂಡವನ್ನು ಇನ್ನೊಂದು ದೊಡ್ಡ ಕುಂಡದೊಳಗೆ ಇಳಿಸಿ, ನಡುವಿನ ಜಾಗಕ್ಕೆ ಮರಳು ತುಂಬಿ ಮರಳನ್ನು ಒದ್ದೆ ಮಾಡುತ್ತಿರಿ.

ಅಳತೆ ವಿಚಾರದಲ್ಲಿ ಜಿಪುಣತನ ಬೇಡ. ಆರು ಇಂಚಿನ ಕುಂಡದಲ್ಲಿ ಬೇಸಿಗೆ ದಾಟಿಸುವುದು ಹತ್ತು ಗಂಟೆ ಹೂ ಒಂದಕ್ಕೇ ಸಾಧ್ಯ. ಜೀನಿಯಾ, ಗೊಂಫ್ರೀನಾ, ನಿತ್ಯಪುಷ್ಪಕ್ಕೆ 10ರಿಂದ 12 ಇಂಚು, ಮಲ್ಲಿಗೆ, ದಾಸವಾಳಕ್ಕೆ 16 ಇಂಚು. ಮಣ್ಣು ಹೆಚ್ಚಿದ್ದಷ್ಟೂ ಕಾಯುವುದು ನಿಧಾನ.

ಮಣ್ಣು ಕಲಸುವುದು

ನಮ್ಮಲ್ಲಿ ಸಿಗುವ ಒಳ್ಳೆಯ ಸಾಮಾನನ್ನೆಲ್ಲ ಬಿಟ್ಟು ಆನ್‌ಲೈನ್‌ನಲ್ಲಿ ಪ್ಯಾಕೆಟ್ ಮಣ್ಣು ತರಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕುರಿ ಸಾಕಣೆಗೆ ಹೆಸರಾದ ಜಿಲ್ಲೆ ಇದು. ಹಟ್ಟಿಗಳಲ್ಲಿ ಕುರಿ ಹಿಕ್ಕೆ ಸಿಗುತ್ತದೆ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಕಡೆಯಿಂದ ಶೇಂಗಾ ಹಿಂಡಿ, ಶೇಂಗಾ ಹೊಟ್ಟು ಬರುತ್ತದೆ. ಹೊಸದುರ್ಗ, ಹಿರಿಯೂರು ಕಡೆ ತೆಂಗಿನ ನಾರಿನ ಪುಡಿ. ಕೆಮ್ಮಣ್ಣಿಗಂತೂ ಬರವಿಲ್ಲ.

ನನ್ನ ಲೆಕ್ಕ: ಕೆಮ್ಮಣ್ಣು ಎರಡು ಬುಟ್ಟಿ, ಚೆನ್ನಾಗಿ ಕಳಿತ ಗೊಬ್ಬರ ಒಂದು ಬುಟ್ಟಿ, ನಾರಿನ ಪುಡಿ ಒಂದು ಬುಟ್ಟಿ, ಬೇವಿನ ಹಿಂಡಿ ಎರಡು ಹಿಡಿ. ಮಣ್ಣು ಜಿಗುಟಾಗಿದ್ದರೆ ಅರ್ಧ ಬುಟ್ಟಿ ಮರಳು. ಕುರಿ ಹಿಕ್ಕೆ ಹಸಿಯಾಗಿದ್ದರೆ ಹಾಕಲೇಬೇಡಿ, ಅದು ಬಿಸಿ ಗೊಬ್ಬರ. ಮೂರ್ನಾಲ್ಕು ತಿಂಗಳು ಗುಂಡಿಯಲ್ಲಿ ನೀರು ಚಿಮುಕಿಸಿ ಕೊಳೆಸಿ, ಹಿಕ್ಕೆ ಬೆರಳಲ್ಲಿ ಪುಡಿಯಾಗುವ ಹಾಗಾದ ಮೇಲೆ ಬಳಸಬೇಕು. ನಾರಿನ ಪುಡಿಯಲ್ಲೂ ಉಪ್ಪಿರುತ್ತದೆ. ಬಕೆಟ್‌ನಲ್ಲಿ ನೆನೆಸಿ, ಹಿಂಡಿ, ಆ ನೀರು ಚೆಲ್ಲಿ, ಎರಡು ಸಲ ಹೀಗೆ ತೊಳೆದು ಬೆರೆಸಿ. ಈ ಹೆಜ್ಜೆ ತಪ್ಪಿಸಿದರೆ ಬೋರ್ ನೀರಿನ ಉಪ್ಪಿಗೆ ಇನ್ನಷ್ಟು ಉಪ್ಪು ಸೇರಿಸಿದ ಹಾಗೆ.

ಕುಂಡದ ತೂತಿನ ಮೇಲೆ ತೆಂಗಿನ ಮಟ್ಟೆಯ ತುಂಡನ್ನು ಮಗುಚಿ ಹಾಕಿ. ಬಾಯಿಯಿಂದ ಎರಡು ಇಂಚು ಕೆಳಗೆ ಮಣ್ಣು ನಿಲ್ಲಿಸಿ. ಆ ಎರಡು ಇಂಚಿನಲ್ಲಿ ಒಂದು ಇಂಚು ಶೇಂಗಾ ಹೊಟ್ಟಿನ ಹೊದಿಕೆ. ಮಣ್ಣಿನ ಮುಖಕ್ಕೆ ಬಿಸಿಲು ನೇರ ತಾಗದಂತೆ ಇದು ಕಾಯುತ್ತದೆ. ಉಪ್ಪು ಹಾಕಿ ಹುರಿದ ಶೇಂಗಾದ ಸಿಪ್ಪೆ ಬೇಡ. ನಮ್ಮ ಕೆಂಪು ನೆಲದಲ್ಲಿ ಗೆದ್ದಲಿನ ಕಾಟವೂ ಇರುವುದರಿಂದ ಕಾಂಡದ ಸುತ್ತ ಎರಡು ಬೆರಳಿನಷ್ಟು ಜಾಗ ಖಾಲಿ ಬಿಟ್ಟು, ಹೊಟ್ಟಿನ ಕೆಳಗೆ ಒಂದಿಷ್ಟು ಬೇವಿನ ಹಿಂಡಿ ಉದುರಿಸಿ.

ಕಾಂಪೌಂಡ್ ಅಂಚಿನ ಮಡಿ

ವಿಡಿಯೊಗಳಲ್ಲಿ ಹೂವಿನ ಮಡಿ ಎಂದರೆ ಏರುಮಡಿ: ಸುತ್ತ ಇಟ್ಟಿಗೆ, ಒಳಗೆ ಅರ್ಧ ಅಡಿ ಎತ್ತರಿಸಿದ ಮಣ್ಣು. ಮಳೆ ಸುರಿಯುವ ಊರಿಗೆ ಅದು ಸರಿ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ನಮ್ಮ ಕೆಂಪು ನೆಲಕ್ಕೆ ಬೇಕಿರುವುದು ತಗ್ಗುಮಡಿ. ಏರುಮಡಿಯ ಬದಿಗಳಿಂದ ಗಾಳಿ ನೀರನ್ನು ಹೀರುತ್ತದೆ. ತಗ್ಗಿನಲ್ಲಿ ಹಾಕಿದ ಒಂದು ಚೊಂಬು ನೀರೂ ಬೇರಿಗೇ ಹೋಗುತ್ತದೆ. ಎರೆಮಣ್ಣಿನ ಜಾಗದವರು ಮಾತ್ರ ಮಾಡಬೇಡಿ, ಅಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ.

ಮಾಡುವುದು ಹೀಗೆ. ಗೋಡೆಯಿಂದ ಒಂದು ಅಡಿ ಬಿಡಿ. ಗೋಡೆ ಹಗಲೆಲ್ಲ ಕಾದು ರಾತ್ರಿ ಬಿಸಿ ಉಗುಳುತ್ತದೆ. ಬುಡದಲ್ಲಿ ಬಿದ್ದಿರುವ ಸಿಮೆಂಟ್, ಗಾರೆ ಚೂರುಗಳಿಂದ ಮಣ್ಣಿನಲ್ಲಿ ಸುಣ್ಣದ ಅಂಶವೂ ಹೆಚ್ಚಿರುತ್ತದೆ. ಆ ಚೂರುಗಳನ್ನು ಆರಿಸಿ ತೆಗೆಯಿರಿ. ಎರಡೂವರೆ ಅಡಿ ಅಗಲಕ್ಕೆ, ಒಂದು ಅಡಿ ಆಳಕ್ಕೆ ಅಗೆದು, ಮೂರನೇ ಒಂದು ಪಾಲು ಗೊಬ್ಬರ ಬೆರೆಸಿ, ಸುತ್ತಲ ನೆಲಕ್ಕಿಂತ ನಾಲ್ಕು ಇಂಚು ತಗ್ಗಾಗಿ ಮಟ್ಟ ಮಾಡಿ. ಉಳಿದ ಮಣ್ಣಲ್ಲಿ ಸುತ್ತ ಬದು ಕಟ್ಟಿ.

ಉದ್ದನೆಯ ಮಡಿಯಾದರೆ ನಾಲ್ಕು ಅಡಿಗೊಂದು ಅಡ್ಡ ಬದು ಹಾಕಿ ಪಾತಿ ಮಾಡಿಕೊಳ್ಳಿ. ಬದುವಿನ ಒಂದು ಮೂಲೆ ಎರಡು ಬೆರಳು ತಗ್ಗಿರಲಿ. ಮೇಲಿನ ಪಾತಿ ತುಂಬಿ ಹೆಚ್ಚಾದ ನೀರು ಕೆಳಗಿನದಕ್ಕೆ ತಾನೇ ಇಳಿಯುತ್ತದೆ. ಇದನ್ನು ನನಗೆ ಕಲಿಸಿದ್ದು ನಮ್ಮ ಕೋಟೆ. ಬೆಟ್ಟದ ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಸಂತೆ ಹೊಂಡದವರೆಗೆ ನೀರು ಇಳಿದು ಬರುವ ಹಾಗೆ ಪಾಳೆಯಗಾರರ ಕಾಲದವರು ಜೋಡಿಸಿದ್ದಾರೆ. ಕೋಟೆಗೆ ಹೋದಾಗ ಮಕ್ಕಳಿಗೆ ಓಬವ್ವನ ಕಿಂಡಿ ತೋರಿಸುವಷ್ಟೇ ಆಸೆಯಿಂದ ಈ ಹೊಂಡಗಳ ದಾರಿಯನ್ನೂ ತೋರಿಸಬೇಕು.

ಗೋಡೆಯ ಕಡೆ ಎತ್ತರದ ಗಿಡ: ಕಿತ್ತಳೆ ಕಾಸ್ಮಾಸ್, ಸಂಜೆ ಮಲ್ಲಿಗೆ, ಎತ್ತರ ಜಾತಿಯ ಕೋಳಿಜುಟ್ಟು. ನಡುವೆ ಜೀನಿಯಾ, ಚೆಂಡು ಹೂ, ಗಿಡದಿಂದ ಗಿಡಕ್ಕೆ ಒಂದು ಅಡಿ. ಮುಂದಿನ ಅಂಚಿಗೆ ಹತ್ತು ಗಂಟೆ ಹೂ, ಗಿಡ್ಡ ಗೊಂಫ್ರೀನಾ, ನಡುನಡುವೆ ರೈನ್ ಲಿಲ್ಲಿ ಗೆಡ್ಡೆ. ಎಲ್ಲ ಜಾತಿಯನ್ನೂ ಒಂದೊಂದು ನೆಡುವುದಕ್ಕಿಂತ ಒಂದೇ ಹೂವನ್ನು ಏಳೆಂಟು ಗುಂಪಾಗಿ ನೆಟ್ಟರೆ ರಸ್ತೆಯಿಂದಲೇ ಕಣ್ಣು ತುಂಬುತ್ತದೆ. ಸಸಿ ನಾಟಿ ಸಂಜೆಯೇ ಆಗಬೇಕು. ಮೊದಲ ಐದಾರು ದಿನ ಬೇವಿನ ಸೊಪ್ಪಿನ ಕೊಂಬೆ ಚುಚ್ಚಿ ನೆರಳು ಕೊಡಿ. ಎಲೆ ಒಣಗಿ ಉದುರುತ್ತಾ ಬಂದ ಹಾಗೆ ಸಸಿಗೆ ಬಿಸಿಲು ತಾನಾಗಿಯೇ ಅಭ್ಯಾಸವಾಗುತ್ತದೆ.

ಸಸಿಗೆ ಆರು ಎಲೆ ಬಂದಾಗ ತುದಿ ಚಿವುಟಿ. ಎಷ್ಟೋ ಜನಕ್ಕೆ ಮನಸ್ಸೇ ಬರುವುದಿಲ್ಲ. ಚಿವುಟದ ಜೀನಿಯಾ ಒಂದು ಕಡ್ಡಿಗೆ ಒಂದು ಹೂ ಬಿಟ್ಟು ನಿಲ್ಲುತ್ತದೆ, ಚಿವುಟಿದ್ದು ಪೊದೆಯಾಗುತ್ತದೆ. ಬಾಡಿದ ಹೂವನ್ನು ಬರೀ ತಲೆ ಕಿತ್ತು ಬಿಡದೆ, ಕೆಳಗಿನ ಜೋಡಿ ಎಲೆಯವರೆಗೆ ಕತ್ತರಿಸಿ ತೆಗೆಯುತ್ತಿರಿ.

ನೀರು: ಎಷ್ಟು ಎನ್ನುವುದಕ್ಕಿಂತ ಎಂಥದ್ದು

ಪಕ್ಕದ ಮನೆಯ ಅಕ್ಕ ಹೋದ ವರ್ಷ ಕರೆದು ತೋರಿಸಿದರು. ‘ನೋಡ್ರೀ, ಮಧ್ಯಾಹ್ನ ಆದ್ರೆ ಸಾಕು, ಎಲೆ ಜೋತು ಬೀಳ್ತಾವೆ. ಮೂರು ಸಲ ನೀರು ಹಾಕ್ತೀನಿ.’ ಸಂಜೆ ಏಳಕ್ಕೆ ಹೋಗಿ ನೋಡಿದರೆ ಅದೇ ಎಲೆಗಳು ನೆಟ್ಟಗೆ ನಿಂತಿದ್ದವು. ಮಧ್ಯಾಹ್ನ ಜೋತು ಸಂಜೆ ಎದ್ದು ನಿಲ್ಲುವ ಗಿಡಕ್ಕೆ ನೀರಿನ ಕೊರತೆಯಿಲ್ಲ. ಎಲೆಯಿಂದ ಹೋಗುವಷ್ಟು ವೇಗವಾಗಿ ಬೇರು ಹೀರಲಾಗದೆ ಅದು ಎಲೆ ಇಳಿಬಿಟ್ಟು ತನ್ನನ್ನು ಕಾಪಾಡಿಕೊಳ್ಳುತ್ತಿರುತ್ತದೆ. ಬೆಳಗ್ಗೆ ಆರಕ್ಕೂ ಜೋತೇ ಇದ್ದರೆ ಆಗ ಚಿಂತಿಸಬೇಕು. ಮಣ್ಣಿಗೆ ಬೆರಳು ಎರಡು ಇಂಚು ಇಳಿಸಿ ನೋಡಿ. ಒಣಗಿದ್ದರೆ ನೀರು ಹಾಕಿ. ಹಸಿಯಿದ್ದೂ ಜೋತಿದ್ದರೆ ಬೇರು ಕೆಟ್ಟಿದೆ, ಇನ್ನಷ್ಟು ನೀರು ಹಾಕಿದರೆ ಉಳಿಯುವುದಿಲ್ಲ, ನೆರಳಿಗೆ ಎತ್ತಿಡಿ.

ಬೆಳಗ್ಗೆ ಏಳರ ಒಳಗೆ ನೀರು ಮುಗಿಸಿ, ತೂತಿನಿಂದ ಹೊರ ಬರುವಷ್ಟು ತುಂಬ ಹಾಕಿ. ದಿನಕ್ಕೆ ಮೂರು ಸಲ ಚೂರು ಚೂರು ಹಾಕಿದರೆ ಬೇರು ಮೇಲೇ ಉಳಿದು, ಅದೇ ಮೊದಲು ಬೇಯುತ್ತದೆ. ಸಂಜೆ ಹಾಕುವುದಾದರೆ ಸಿಂಟೆಕ್ಸ್‌ನ ಕಾದ ನೀರು, ಬಿಸಿಲಲ್ಲಿ ಬಿದ್ದಿದ್ದ ಪೈಪಿನ ಮೊದಲ ನೀರು ಗಿಡಕ್ಕೆ ಬೇಡ. ಹಿಂದಿನ ರಾತ್ರಿಯೇ ಬಕೆಟ್‌ಗಳಲ್ಲಿ ಹಿಡಿದಿಟ್ಟು ನೆರಳಲ್ಲಿ ಮುಚ್ಚಿಟ್ಟುಕೊಳ್ಳಿ.

ಇನ್ನು ಉಪ್ಪು. ಕುಂಡದ ಅಂಚಿನಲ್ಲಿ, ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟಿದ್ದರೆ, ಎಲೆಯ ಅಂಚು ಸುಟ್ಟ ಹಾಗೆ ಕಂದಾಗಿದ್ದರೆ ಅದು ಬೋರ್ ನೀರಿನ ಗಡಸು. ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಕೂರುತ್ತದೆ. ನಲ್ಲಿಯಲ್ಲಿ ಕೆರೆ-ಜಲಾಶಯದ ನೀರು ಬರುವ ದಿನ ಅದನ್ನೇ ಗಿಡಕ್ಕೆ ಎತ್ತಿಡಿ. ಹದಿನೈದು ದಿನಕ್ಕೊಮ್ಮೆ ಆ ನೀರನ್ನು ಕುಂಡದ ಅಳತೆಯ ಎರಡರಷ್ಟು ನಿಧಾನವಾಗಿ ಸುರಿದು, ತಳದಿಂದ ಹರಿಯಲು ಬಿಟ್ಟರೆ ಉಪ್ಪು ತೊಳೆದು ಹೋಗುತ್ತದೆ. ಕೆಳಗಿನ ತಟ್ಟೆಯಲ್ಲಿ ನಿಂತ ನೀರು ಚೆಲ್ಲಿಬಿಡಿ.

ಮರುಬಳಕೆಯ ವಿಚಾರದಲ್ಲಿ ಒಂದು ಎಚ್ಚರಿಕೆ. ಆರ್‌ಒ ಯಂತ್ರದಿಂದ ಹೊರ ಬೀಳುವ ನೀರನ್ನು ಹಾಳು ಮಾಡಬಾರದೆಂದು ಎಷ್ಟೋ ಮನೆಯಲ್ಲಿ ಕುಂಡಕ್ಕೆ ಹಾಕುತ್ತಾರೆ. ಉದ್ದೇಶ ಒಳ್ಳೆಯದು, ಆದರೆ ನೀರಿನ ಉಪ್ಪೆಲ್ಲ ಸೇರಿರುವುದು ಅದರಲ್ಲೇ. ಕೂಲರ್ ತಳದ ನೀರೂ ಹಾಗೆಯೇ. ಅವನ್ನು ನೆಲ ಒರೆಸಲು ಬಳಸಿ. ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಮಾತ್ರ ಉಪ್ಪಿಲ್ಲ, ಮಲ್ಲಿಗೆಗೂ ಕನಕಾಂಬರಕ್ಕೂ ಧಾರಾಳ ಕೊಡಬಹುದು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಮಡಿಗೆ ಹೋಗಲಿ.

ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಕಬ್ಬಿಣದ ಅಂಶ ಗಿಡಕ್ಕೆ ದಕ್ಕುತ್ತಿಲ್ಲ ಎಂದರ್ಥ; ಗಡಸು ನೀರಿನ ಊರಲ್ಲಿ ಇದು ಮಾಮೂಲು. ಗೊಬ್ಬರದಂಗಡಿಯಲ್ಲಿ ಫೆರಸ್ ಸಲ್ಫೇಟ್ ಸಿಗುತ್ತದೆ. ಲೀಟರಿಗೆ 3 ಗ್ರಾಂ ಕರಗಿಸಿ, ನಾಲ್ಕು ಹನಿ ನಿಂಬೆರಸ ಹಿಂಡಿ, ಸಂಜೆ ಎಲೆಗೆ ಸಿಂಪಡಿಸಿ.

ದುಂಡುಮಲ್ಲಿಗೆ

ನಮ್ಮ ಅಮ್ಮ ಬೇರೆ ಯಾವ ಹೂ ಬಿಟ್ಟರೂ ಕೇಳುವುದಿಲ್ಲ, ಮಲ್ಲಿಗೆ ಮೊಗ್ಗು ಎಷ್ಟಾದವು ಎಂದು ಮಾತ್ರ ಕೇಳುತ್ತಾರೆ. ಹತ್ತಿರದ ಹೂವಿನಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಈ ಬಯಲುಸೀಮೆಯ ಬಿಸಿಲು ಮಲ್ಲಿಗೆಗೆ ಒಗ್ಗುತ್ತದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ದುಂಡುಮಲ್ಲಿಗೆ ಮಾರ್ಚಿಯಿಂದ ಜೂನ್‌ವರೆಗೆ ಅಲೆ ಅಲೆಯಾಗಿ ಬಿಡುತ್ತದೆ. ಮೊಗ್ಗು ಬರುವುದು ಹೊಸ ಚಿಗುರಿನ ತುದಿಯಲ್ಲಿ. ಹಾಗಾಗಿ ಚಿಗುರು ತರಿಸುವುದೇ ಇಲ್ಲಿಯ ಕೆಲಸ. ದೊಡ್ಡ ಸವರುವಿಕೆ ಡಿಸೆಂಬರ್‌ನಲ್ಲಿ ಆಗಬೇಕು: ವಾರ ಹತ್ತು ದಿನ ನೀರು ಕಡಿಮೆ ಮಾಡಿ, ಎಲ್ಲ ಕೊಂಬೆಗಳನ್ನೂ ಅರ್ಧಕ್ಕೆ ಕತ್ತರಿಸಿ, ಉಳಿದ ಎಲೆ ಕಿತ್ತು, ಆಮೇಲೆ ಗೊಬ್ಬರ ಕೊಟ್ಟು ನೀರು. ಅದು ತಪ್ಪಿ ಹೋಗಿದ್ದರೂ ಪರವಾಗಿಲ್ಲ. ಪ್ರತಿ ಅಲೆ ಮುಗಿದ ಮೇಲೆ ಹೂ ಬಿಟ್ಟ ತುದಿಗಳನ್ನು ಒಂದು ಗೇಣು ಕತ್ತರಿಸಿ.

ಕತ್ತರಿಸಿದ ಮರುದಿನ ಶೇಂಗಾ ಹಿಂಡಿ ನೀರು. ಒಂದು ಹಿಡಿ ಹಿಂಡಿಯನ್ನು ಒಂದು ಲೀಟರ್ ನೀರಲ್ಲಿ ಎರಡು ದಿನ ನೆನೆಸಿ, ಹತ್ತರಷ್ಟು ನೀರು ಬೆರೆಸಿ ತಿಳಿ ಮಾಡಿ, ಮೊದಲೇ ಒದ್ದೆಯಾದ ಮಣ್ಣಿಗೆ ಕುಂಡಕ್ಕೊಂದು ಚೊಂಬು. ಬೇಸಿಗೆಯಲ್ಲಿ ಎರಡು ದಿನಕ್ಕಿಂತ ಹೆಚ್ಚು ಇಟ್ಟರೆ ನಾತ ತಡೆಯಲಾಗದು. ಒಣ ಮಣ್ಣಿಗೆ ಯಾವ ಗೊಬ್ಬರವನ್ನೂ ಹಾಕಬೇಡಿ, ಡಿಎಪಿಯಂಥ ರಾಸಾಯನಿಕ ಗೊಬ್ಬರವಂತೂ ಈ ಕಾಲದಲ್ಲಿ ಬೇಡವೇ ಬೇಡ. ಇದೇ ಹಿಂಡಿ ನೀರನ್ನು ಹದಿನೈದು ದಿನಕ್ಕೊಮ್ಮೆ ಬೇರೆ ಹೂವಿಗೂ ಕೊಡಬಹುದು, ಹತ್ತು ಗಂಟೆ ಹೂ ಮತ್ತು ಕಾಗದದ ಹೂ ಬಿಟ್ಟು. ಕಾಗದದ ಹೂವಿಗೆ ಗೊಬ್ಬರ, ನೀರು ಹೆಚ್ಚಾದರೆ ಬರೀ ಎಲೆ. ಎಲೆ ಸ್ವಲ್ಪ ಸೊರಗುವವರೆಗೆ ಕಾದು ನೀರು ಹಾಕಿದರೆ ಮೈಯೆಲ್ಲ ಬಣ್ಣ.

ಮಲ್ಲಿಗೆ ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ ತೂತು ಬಿದ್ದಿದ್ದರೆ ಒಳಗೆ ಮೊಗ್ಗು ಕೊರೆಯುವ ಹುಳ ಇದೆ. ಅಂಥವನ್ನು ದಿನಾ ಆರಿಸಿ ಸುಟ್ಟುಹಾಕಿ. ಎಲೆಯ ಕೆಳಗೆ ಧೂಳಿನಂಥ ಚುಕ್ಕೆ, ಸಣ್ಣ ಜೇಡರಬಲೆ ಕಂಡರೆ ನುಸಿ. ಒಣ ಬಿಸಿಲೆಂದರೆ ಅದಕ್ಕೆ ಹಬ್ಬ. ಮೂರು ದಿನಕ್ಕೊಮ್ಮೆ ಬೆಳಗ್ಗೆ ಎಲೆಯ ಅಡಿಗೆ ಜೋರಾಗಿ ನೀರು ಹೊಡೆದರೆ ಅರ್ಧ ಕೆಲಸ ಮುಗಿಯಿತು. ಆಗದಿದ್ದರೆ ಲೀಟರಿಗೆ 5 ಮಿಲಿ ಬೇವಿನ ಎಣ್ಣೆ, ಚೂರು ಸೋಪಿನ ನೀರು, ಸೂರ್ಯ ಇಳಿದ ಮೇಲೆ ಮಾತ್ರ. ಬಿಸಿಲಲ್ಲಿ ಎಣ್ಣೆ ಹೊಡೆದರೆ ಎಲೆ ಸುಡುತ್ತದೆ. ದಾಸವಾಳಕ್ಕೆ ಬಿಳಿ ಹಿಟ್ಟಿನಂತೆ ಮೆತ್ತಿಕೊಳ್ಳುವ ಹಿಟ್ಟು ತಿಗಣೆಗೂ ಇದೇ ಮದ್ದು, ಆದರೆ ಮೊದಲು ಗಿಡ ಹತ್ತುವ ಇರುವೆಗಳನ್ನು ತಡೆಯಿರಿ.

ನೆರಳು, ಗಾಳಿ, ಮೊದಲ ಮಳೆ

ಶೇಡ್ ನೆಟ್ (ನೆರಳು ಬಲೆ) 50 ಪರ್ಸೆಂಟ್‌ದು, ಅಂದರೆ ಅರ್ಧ ಬಿಸಿಲು ತಡೆಯುವಂಥದ್ದು ಸಾಕು. 75ರದ್ದು ಹಾಕಿದರೆ ಜೀನಿಯಾ ಕಡ್ಡಿಯಾಗಿ ಉದ್ದ ಬೆಳೆಯುತ್ತದೆ. ತಾರಸಿ ಪೂರ್ತಿ ಮುಚ್ಚಬೇಡಿ. ಪಶ್ಚಿಮದ ಕಡೆ ಪರದೆಯ ಹಾಗೆ ಇಳಿಬಿಟ್ಟರೆ ಬೆಳಗಿನ ಬಿಸಿಲು ಸಿಗುತ್ತದೆ, ಎರಡರ ನಂತರದ್ದು ತಡೆಯುತ್ತದೆ. ಜೋಗಿಮಟ್ಟಿ ಸಾಲಿನ ಗಾಳಿಯಂತ್ರಗಳನ್ನು ತಿರುಗಿಸುವ ಅದೇ ಗಾಳಿ ಮೇ ತಿಂಗಳಿಂದ ನಮ್ಮ ಕುಂಡಗಳನ್ನೂ ಒಣಗಿಸುತ್ತದೆ. ಆ ಪರದೆ ಗಾಳಿಗೂ ಆಯಿತು. ಕಾಸ್ಮಾಸ್‌ಗೆ ಮೊದಲೇ ಕೋಲು ಕಟ್ಟಿ.

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ. ಏಪ್ರಿಲ್ ಕೊನೆ, ಮೇ ಮೊದಲ ವಾರದ ಆ ಮಳೆಗೆ ಕುಂಡಗಳನ್ನು ಗೋಡೆಯ ಮರೆಯಿಂದ ಬಯಲಿಗೆ ತಂದಿಡಿ. ಎರಡು ತಿಂಗಳ ಉಪ್ಪನ್ನು ಒಂದು ಒಳ್ಳೆಯ ಮಳೆ ತೊಳೆದಂತೆ ನಾವು ತೊಳೆಯಲಾರೆವು. ತಾರಸಿಯಿಂದ ಇಳಿಯುವ ಮೊದಲ ಐದು ನಿಮಿಷದ ನೀರನ್ನು ಧೂಳಿನ ಸಮೇತ ಬಿಟ್ಟು, ಆಮೇಲಿನದನ್ನು ಡ್ರಮ್ಮಿಗೆ ಹಿಡಿದು ಮುಚ್ಚಳ ಹಾಕಿ. ಮಳೆ ಪದೇ ಪದೇ ಬರತೊಡಗಿದಾಗ ತಗ್ಗುಮಡಿಯ ಕೆಳಗಿನ ಬದುವನ್ನು ಒಂದು ಕಡೆ ಒಡೆದು ನೀರಿಗೆ ದಾರಿ ಕೊಡಿ. ನಿತ್ಯಪುಷ್ಪದ ಕುಂಡಗಳನ್ನು ಸೂರಿನ ಕೆಳಗೆ ಸರಿಸಿ. ಬಿಸಿಲನ್ನು ಗೆದ್ದ ಆ ಗಿಡ ನಿಂತ ನೀರಿಗೆ ಬೇಗ ಕೊಳೆಯುತ್ತದೆ.

ಮಳೆ ಬಿದ್ದ ಮೂರನೆಯ ಅಥವಾ ನಾಲ್ಕನೆಯ ಬೆಳಗ್ಗೆ ಮಡಿಯ ಮುಂದಿನ ಅಂಚನ್ನು ನೋಡಿ. ಅಲ್ಲಿಯವರೆಗೆ ಹುಲ್ಲಿನ ಎಸಳಿನಂತೆ ಇದ್ದ ರೈನ್ ಲಿಲ್ಲಿಯ ಗೆಡ್ಡೆಗಳು ಒಟ್ಟಿಗೇ ಗುಲಾಬಿ ಹೂ ಎತ್ತಿ ನಿಂತಿರುತ್ತವೆ.